ಹದಿನಾರು ದಾಟಿದರೆ ಅಪರಾಧ, ನಲ್ವತ್ತೆರಡಾದರೆ ಒಪ್ಪಂದ

(ಜೀವನ್ ಬಿಮಾ ನಗರದಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಬಡಾವಣೆಯ ಹೆಸರಿನಿಂದಲೇ ಮಾತನ್ನು ಆರಂಭಿಸೋಣ. ಪ್ರತಿದಿನ ಬಸ್ಸಿನ ಫಲಕದಲ್ಲಿ ಈ ಹೆಸರನ್ನು ಓದುವ ನಮ್ಮಲ್ಲಿ ಹೆಚ್ಚಿನವರು ಅದರ ಹಿಂದಿನ ಇತಿಹಾಸವನ್ನು ಯೋಚಿಸಿರಲಾರರು. ಜೀವ ವಿಮಾ ನಿಗಮದ ಕಾಲೊನಿಯಿಂದ ಈ ಹೆಸರು ಬಂತು. ಆ ನಿಗಮ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು. ಅದಕ್ಕೆ ಮುನ್ನ ದೇಶದಲ್ಲಿದ್ದ 245 ವಿಮಾ ಕಂಪೆನಿಗಳನ್ನೂ ಭವಿಷ್ಯನಿಧಿ ಸಂಘಗಳನ್ನೂ ಸರಕಾರವು ತನ್ನ ವಶಕ್ಕೆ ತೆಗೆದುಕೊಂಡಿತು. ಕಾರಣವೇನು? ಪಾಲಿಸಿದಾರರ ಹಣವನ್ನು ಮಾಲೀಕರು ತಮ್ಮ ಸ್ವಂತ ಉದ್ಯಮಗಳಿಗೆ ಬಳಸಿದ, ಕಂಪೆನಿಗಳು ಮುಳುಗಿದ ಪ್ರಕರಣಗಳು ಒಂದರ ಮೇಲೊಂದು ನಡೆದಿದ್ದವು. ಆದರೆ ಸರಕಾರದ ವಶಕ್ಕೆ ಬಂದ ಮಾತ್ರಕ್ಕೆ ಎಲ್ಲವೂ ಶುದ್ಧವಾಗಲಿಲ್ಲ. ಮರುವರ್ಷವೇ ಆ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪೆನಿಗಳ ಶೇರುಗಳನ್ನು ಸುಮಾರು 1.24 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಆಡಳಿತ ಪಕ್ಷದವರೇ ಆದ ಫಿರೋಝ್ ಗಾಂಧಿಯವರು ಲೋಕಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾರವರು ಬಹಿರಂಗ ವಿಚಾರಣೆ ನಡೆಸಿದರು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡಬೇಕಾಯಿತು.

ಜನರ ಹಣವನ್ನು ಕೈಯಲ್ಲಿಟ್ಟುಕೊಂಡವರನ್ನು ಹೊರಗಿನವರೊಬ್ಬರು ಪ್ರಶ್ನಿಸಬೇಕು, ಆ ಪ್ರಶ್ನೆಗೆ ಉತ್ತರಿಸುವುದು ಅವರಿಗೆ ಅನಿವಾರ್ಯವಾಗಬೇಕು. ಇಂದು ನಾವು ಕ್ರೆಡಿಟ್ ಕಾರ್ಡಿನ ಬಡ್ಡಿಯ ಬಗ್ಗೆ ಮಾತಾಡಲು ಬಂದಿರುವುದೂ ಇದೇ ಕಾರಣಕ್ಕೆ.

ನಮ್ಮ ಪರಿಚಯದ ಒಬ್ಬ ಶಿಕ್ಷಕರಿದ್ದಾರೆ. ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಐದು ಹೊತ್ತಿನ ನಮಾಝನ್ನು ತಪ್ಪಿಸಿದವರಲ್ಲ. ಮಾಲ್ ಒಂದರ ಬಾಗಿಲ ಬಳಿ ಮೇಜು ಹಾಕಿಕೊಂಡಿದ್ದ ಹುಡುಗನೊಬ್ಬ, 'ಸರ್, ಜೀವನಪರ್ಯಂತ ಉಚಿತ' ಎಂದು ಹೇಳಿ ಅವರಿಂದ ಅರ್ಜಿ ತುಂಬಿಸಿಕೊಂಡಿದ್ದ. ಕಾರ್ಡು ಬಂತು, ಪೆಟ್ಟಿಗೆಯಲ್ಲಿ ಬಿದ್ದಿತ್ತು. 2020ರಲ್ಲಿ ಅವರ ತಾಯಿಗೆ ಕಾಯಿಲೆಯಾಯಿತು. ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ 50 ಸಾವಿರ ಮುಂಗಡ ಕಟ್ಟಿರೆಂದರು. ಆ ಹೊತ್ತಿನಲ್ಲಿ ಯಾರನ್ನು ಕೇಳುವುದು? ಕಾರ್ಡು ಕೊಟ್ಟರು. ಮುಂದಿನ ತಿಂಗಳು ಸಂಬಳ ಅರ್ಧವಾಯಿತು. ಬಿಲ್ಲಿನಲ್ಲಿ ಎರಡು ಮೊತ್ತಗಳಿದ್ದವು: ಒಟ್ಟು ಬಾಕಿ 50 ಸಾವಿರ, ಕನಿಷ್ಠ ಪಾವತಿ 2,500. ಅವರು ಎರಡನೆಯದನ್ನು ಕಟ್ಟಿದರು. ಹೀಗೆಯೇ ಮೂರು ವರ್ಷ ಕಟ್ಟಿದರು. ಬೇರೇನನ್ನೂ ಆ ಕಾರ್ಡಿನಿಂದ ಕೊಳ್ಳಲಿಲ್ಲ.

ಮೂರು ವರ್ಷಗಳ ನಂತರ ಅವರು ನಮ್ಮೆದುರು ಬಿಲ್ಲುಗಳ ಕಟ್ಟನ್ನು ಇಟ್ಟಾಗ ಕೂಡಿ ನೋಡಿದೆವು. ಕಟ್ಟಿದ್ದು 75 ಸಾವಿರಕ್ಕಿಂತ ಹೆಚ್ಚು. ಉಳಿದಿದ್ದ ಬಾಕಿ ಇನ್ನೂ 35 ಸಾವಿರದ ಆಸುಪಾಸು!

ಇದು ಹೇಗಾಯಿತು? ಮದ್ರಸದಲ್ಲಿ ಫಿಕ್ಹ್ ಓದಿ, ಆಮೇಲೆ ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರ ಓದಿದ ನಮಗೂ ಆ ಬಿಲ್ಲನ್ನು ಬಿಡಿಸಲು ಒಂದು ಸಂಜೆ ಬೇಕಾಯಿತು. ಲೆಕ್ಕ ಹೀಗಿದೆ. ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆ. 50 ಸಾವಿರಕ್ಕೆ ಅದು 1,750 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 315 ರೂಪಾಯಿ. ಒಟ್ಟು 2,065. ಅವರು ಕಟ್ಟಿದ 2,500ರಲ್ಲಿ ಅಸಲಿಗೆ ಸಂದದ್ದು ಕೇವಲ 435 ರೂಪಾಯಿ! (ಇಲ್ಲೊಂದು ಮಾತು. ಮನೆ ಸಾಲ, ವಾಹನ ಸಾಲಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕಾರ್ಡಿನ ಬಡ್ಡಿಗೆ ಮಾತ್ರ ಇದೆ. ಸಾಲಗಾರ ಹೆಚ್ಚು ಮುಳುಗಿದಷ್ಟೂ ಸರಕಾರದ ಖಜಾನೆಗೂ ಒಂದು ಪಾಲು ಸಲ್ಲುತ್ತದೆ.) ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ 42. ಏನನ್ನೂ ಕಟ್ಟದೆ ಬಿಟ್ಟು, ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ವರ್ಷದ ಕೊನೆಗೆ ಅದು 51 ದಾಟುತ್ತದೆ. ತಿಂಗಳಿಗೆ 3.75ರಂತೆ, ಅಂದರೆ ವರ್ಷಕ್ಕೆ 45ರಂತೆ ವಿಧಿಸುವ ಕಾರ್ಡುಗಳೂ ಇವೆ.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಕಾರ್ಡಿನಲ್ಲಿ ಬಡ್ಡಿಯಿಲ್ಲದ ಒಂದು ಅವಧಿ ಇದೆಯಲ್ಲವೇ? ಆ ಸೌಲಭ್ಯ ಪೂರ್ತಿ ಮೊತ್ತ ಕಟ್ಟಿದವರಿಗೆ ಮಾತ್ರ. ಸ್ವಲ್ಪ ಉಳಿಸಿಕೊಂಡರೂ ಬಡ್ಡಿಯನ್ನು ಕೊನೆಯ ದಿನಾಂಕದಿಂದಲ್ಲ, ವಸ್ತು ಕೊಂಡ ದಿನದಿಂದಲೇ ಎಣಿಸುತ್ತಾರೆ. ಬಾಕಿ ತೀರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಓದುವವನು, ಇಷ್ಟು ಕಟ್ಟಿದರೆ ಈ ತಿಂಗಳ ಹೊಣೆ ಮುಗಿಯಿತು ಎಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಆ ಪದಕ್ಕೆ, ದಂಡ ಬೀಳದಿರಲು ಬೇಕಾದ ಕನಿಷ್ಠ ಎಂಬುದಷ್ಟೇ ಅರ್ಥ.

ಈಗ ಕಾನೂನಿನ ಕಡೆಗೆ ಬರೋಣ. ಇಲ್ಲಿಯೇ ಮನಸ್ಸಿಗೆ ಅತ್ಯಂತ ನೋವಾಗುವುದು.

ನಮ್ಮ ರಾಜ್ಯದಲ್ಲಿ 1961ರ ಲೇವಾದೇವಿದಾರರ ಕಾಯ್ದೆ ಇದೆ. ಅದರ ಅಡಿಯಲ್ಲಿ ಪರವಾನಗಿ ಪಡೆದ ಲೇವಾದೇವಿದಾರನು ಒತ್ತೆ ಇಟ್ಟುಕೊಂಡ ಸಾಲಕ್ಕೆ ವರ್ಷಕ್ಕೆ ಶೇಕಡಾ 14, ಒತ್ತೆ ಇಲ್ಲದ ಸಾಲಕ್ಕೆ ಶೇಕಡಾ 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ಮೀಟರ್ ಬಡ್ಡಿ, ದಿನ ಬಡ್ಡಿಗಳ ಹಾವಳಿ ತಡೆಯಲೆಂದು 2004ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಇನ್ನೊಂದು ಕಾಯ್ದೆ ಬಂತು. ನಿಗದಿತ ದರ ಮೀರಿದವನಿಗೆ ಅದು ಸೆರೆವಾಸದ ಶಿಕ್ಷೆ ವಿಧಿಸುತ್ತದೆ. ಕಿರುಸಾಲದ ಕಿರುಕುಳದಿಂದ ಆತ್ಮಹತ್ಯೆಗಳು ವರದಿಯಾದ ಬಳಿಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದರ ಮುಖ್ಯ ಗುರಿ ಪರವಾನಗಿ, ನೋಂದಣಿ ಇಲ್ಲದ ಸಾಲದಾತರು.

ಇವೆಲ್ಲ ಒಳ್ಳೆಯದೇ. ಆದರೆ ಒಂದು ಪ್ರಶ್ನೆಯಿದೆ. ನಮ್ಮ ಬೀದಿಯ ಮೂಲೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಲೇವಾದೇವಿದಾರನು ಆ ಶಿಕ್ಷಕರಿಗೆ 50 ಸಾವಿರವನ್ನು ಶೇಕಡಾ 18ಕ್ಕೆ ಕೊಟ್ಟಿದ್ದರೆ ಅವನು ಅಪರಾಧಿ. ಗಾಜಿನ ಕಟ್ಟಡದ ಬ್ಯಾಂಕು 42ಕ್ಕೆ ಕೊಟ್ಟರೆ ಅದು ಒಪ್ಪಂದ. ಮೊದಲನೆಯವನ ಮಿತಿಯೊಳಗಿನ ಬಡ್ಡಿ ತಿಂಗಳಿಗೆ 667 ರೂಪಾಯಿ, ಎರಡನೆಯದು 1,750. ಅಪರಾಧವೆಂಬುದು ಬಡ್ಡಿಯ ಪ್ರಮಾಣದಲ್ಲಿದೆಯೋ ಅಥವಾ ಕಟ್ಟಡದ ಎತ್ತರದಲ್ಲಿದೆಯೋ?

ಬ್ಯಾಂಕುಗಳಿಗೆ ರಾಜ್ಯದ ಕಾಯ್ದೆ ಅನ್ವಯಿಸುವುದಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕೇತರ ಹಣಕಾಸು ಕಂಪೆನಿಗಳಿಗೂ ರಾಜ್ಯಗಳ ಲೇವಾದೇವಿ ಕಾಯ್ದೆಗಳು ಅನ್ವಯಿಸವೆಂದು 2022ರ ಮೇ ತಿಂಗಳಲ್ಲಿ, ಕೇರಳ ಮತ್ತು ಗುಜರಾತ್ ಕಾಯ್ದೆಗಳ ಪ್ರಕರಣದಲ್ಲಿ, ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಸರಿ, ಹಾಗಾದರೆ ನ್ಯಾಯಾಲಯಕ್ಕೆ ಹೋಗಿ ಈ ದರ ಅತಿಯಾಯಿತೆಂದು ಹೇಳಬಹುದಲ್ಲವೇ? ಬ್ರಿಟಿಷರ ಕಾಲದಲ್ಲಿ, 1918ರಲ್ಲಿ, ಅತಿಬಡ್ಡಿಯ ಸಾಲಗಳನ್ನು ಮರುಪರಿಶೀಲಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟ ಕಾಯ್ದೆ ಬಂದಿತ್ತು. ಆದರೆ ಸ್ವತಂತ್ರ ಭಾರತದ ಸಂಸತ್ತು 1983ರ ತಿದ್ದುಪಡಿಯ ಮೂಲಕ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 21ಎ ಎಂಬ ಕಲಮನ್ನು ಸೇರಿಸಿತು. ಬಡ್ಡಿ ವಿಪರೀತ ಎಂಬ ಕಾರಣಕ್ಕೆ ಬ್ಯಾಂಕಿನ ಸಾಲವನ್ನು ಯಾವ ನ್ಯಾಯಾಲಯವೂ ಮರಳಿ ತೆರೆದು ನೋಡುವಂತಿಲ್ಲ ಎಂಬುದು ಅದರ ಸಾರ. ಪರಕೀಯರು ತೆರೆದಿಟ್ಟ ಬಾಗಿಲನ್ನು ನಮ್ಮವರು ಮುಚ್ಚಿದರು!

ಆದರೂ ಒಂದು ಕಿಟಕಿಯಿಂದ ಪ್ರಯತ್ನ ನಡೆಯಿತು. 'ಆವಾಝ್' ಎಂಬ ಸಂಸ್ಥೆ ಮತ್ತಿತರರು ರಾಷ್ಟ್ರೀಯ ಗ್ರಾಹಕರ ವಿವಾದ ಪರಿಹಾರ ಆಯೋಗಕ್ಕೆ ದೂರು ಕೊಟ್ಟರು. 2008ರ ಜುಲೈ 7ರಂದು ಆಯೋಗವು ಮಹತ್ವದ ಆದೇಶ ನೀಡಿತು. ಕಾರ್ಡುದಾರರಿಂದ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಪಡೆಯುವುದು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ದಂಡದ ಬಡ್ಡಿಯನ್ನು ಒಂದು ತಪ್ಪಿಗೆ ಒಮ್ಮೆ ಮಾತ್ರ ವಿಧಿಸಬೇಕು, ಅದನ್ನು ಅಸಲಿಗೆ ಸೇರಿಸಬಾರದು ಎಂದಿತು. ಗಮನಿಸಿ: ಮೂವತ್ತು! ಅದೂ ಕಡಿಮೆಯೇನಲ್ಲ, ಲೇವಾದೇವಿದಾರನ ಮಿತಿಗೆ ಸುಮಾರು ಇಮ್ಮಡಿ. ಅದನ್ನೂ ಬ್ಯಾಂಕುಗಳು ಒಪ್ಪಲಿಲ್ಲ. ದೊಡ್ಡ ವಿದೇಶಿ ಬ್ಯಾಂಕುಗಳು ಸುಪ್ರೀಮ್ ಕೋರ್ಟಿಗೆ ಹೋದವು, ಆದೇಶಕ್ಕೆ ತಡೆ ಬಂತು. ಹದಿನಾರು ವರ್ಷಗಳ ನಂತರ, 2024ರ ಡಿಸೆಂಬರ್ 20ರಂದು ಸುಪ್ರೀಮ್ ಕೋರ್ಟು ಆಯೋಗದ ಆದೇಶವನ್ನು ರದ್ದುಗೊಳಿಸಿತು. ಬ್ಯಾಂಕು ಮತ್ತು ಗ್ರಾಹಕನ ನಡುವಣ ಒಪ್ಪಂದವನ್ನು ತಿದ್ದಿ ಬರೆಯುವ ಅಧಿಕಾರ ಆಯೋಗಕ್ಕಿಲ್ಲ, ಅದು ರಿಸರ್ವ್ ಬ್ಯಾಂಕಿನ ಕ್ಷೇತ್ರ ಎಂದಿತು. ಕಾರ್ಡುದಾರರು ತಿಳಿವಳಿಕೆಯುಳ್ಳವರು, ಷರತ್ತುಗಳನ್ನು ಒಪ್ಪಿಯೇ ಕಾರ್ಡು ಪಡೆದವರು ಎಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿದೆ. ನ್ಯಾಯಾಲಯದ ಬಗ್ಗೆ ನಮಗೆ ಗೌರವವಿದೆ. ಅಧಿಕಾರ ವ್ಯಾಪ್ತಿಯ ಮಾತನ್ನೂ ಒಪ್ಪೋಣ. ಆದರೆ ಮಾಲಿನ ಬಾಗಿಲಲ್ಲಿ ನಿಂತು, ಸಣ್ಣ ಅಕ್ಷರದ ಇಂಗ್ಲಿಷ್ ಹಾಳೆಗಳ ಕೊನೆಯಲ್ಲಿ ಸಹಿ ಹಾಕಿದ ಕನ್ನಡ ಮಾಧ್ಯಮದ ಶಿಕ್ಷಕರನ್ನು ನೋಡಿದವರಿಗೆ ಎರಡನೆಯ ಮಾತು ಗಂಟಲಲ್ಲಿ ಇಳಿಯುವುದಿಲ್ಲ.

ಸರಿ, ರಿಸರ್ವ್ ಬ್ಯಾಂಕು ಏನು ಹೇಳುತ್ತದೆ? 2022ರ ಏಪ್ರಿಲ್‌ನಲ್ಲಿ ಅದು ಕಾರ್ಡುಗಳ ಬಗ್ಗೆ ವಿಸ್ತಾರವಾದ ನಿರ್ದೇಶನಗಳನ್ನು ಹೊರಡಿಸಿತು. ಅದರಲ್ಲಿ ಶ್ಲಾಘನೀಯವಾದುದು ಬಹಳಷ್ಟಿದೆ. ಕೇಳದವರಿಗೆ ಕಾರ್ಡು ಕಳುಹಿಸಬಾರದು. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಎಣಿಸಬಾರದು. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು. ಕನಿಷ್ಠ ಪಾವತಿಯನ್ನೇ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಅಚ್ಚು ಹಾಕಬೇಕು. ಇಷ್ಟೆಲ್ಲ ಬರೆದವರು ಬಡ್ಡಿಯ ವಿಷಯ ಬಂದಾಗ ಏನೆಂದರು? ದರವು ತಗಲಿದ ವೆಚ್ಚಕ್ಕೂ ನಿರೀಕ್ಷಿಸಬಹುದಾದ ಸಮಂಜಸ ಲಾಭಕ್ಕೂ ಹೊಂದಿಕೆಯಾಗಿ ಸಮರ್ಥನೀಯವಾಗಿರಬೇಕು, ಮತ್ತು ಗರಿಷ್ಠ ಮಿತಿಯನ್ನು ಕಾರ್ಡು ಕೊಡುವ ಸಂಸ್ಥೆಯ ಆಡಳಿತ ಮಂಡಳಿಯೇ ನಿಗದಿಪಡಿಸಬೇಕು! ಪಡೆಯುವವನೇ ತನ್ನ ಮಿತಿಯನ್ನು ಬರೆದುಕೊಳ್ಳುವ ವ್ಯವಸ್ಥೆ ಇದು. ಬೇಲಿಗೆ ಹೊಲವನ್ನು ಒಪ್ಪಿಸಿ, ಎಷ್ಟು ಮೇಯಬೇಕೆಂದು ನೀನೇ ತೀರ್ಮಾನಿಸಿಕೋ ಎಂದಂತಾಗಲಿಲ್ಲವೇ?

ರಿಸರ್ವ್ ಬ್ಯಾಂಕಿಗೆ ಅಪಾಯ ಕಾಣುವುದಿಲ್ಲವೆಂದಲ್ಲ. 2023ರ ನವೆಂಬರ್‌ನಲ್ಲಿ ಅದು ಒತ್ತೆಯಿಲ್ಲದ ಗ್ರಾಹಕ ಸಾಲ ಮತ್ತು ಕಾರ್ಡಿನ ಬಾಕಿಗಳ ಎದುರು ಬ್ಯಾಂಕುಗಳು ಹೆಚ್ಚು ಬಂಡವಾಳ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ಅಂದರೆ ಈ ಸಾಲಗಳು ಮಿತಿಮೀರಿವೆಯೆಂದು ಅದಕ್ಕೂ ಅನ್ನಿಸಿತು. ಮರುವರ್ಷದ ಆರಂಭದಲ್ಲಿ ದೇಶದ ಕ್ರೆಡಿಟ್ ಕಾರ್ಡುಗಳ ಸಂಖ್ಯೆ ಹತ್ತು ಕೋಟಿ ದಾಟಿತು. ಆದರೆ ಆ ಆದೇಶ ರಕ್ಷಿಸಿದ್ದು ಬ್ಯಾಂಕನ್ನು. ಸಾಲಗಾರನ ರಕ್ಷಣೆಗೆ ಒಂದು ಅಂಕಿಯನ್ನು ಬರೆಯಲು ಮಾತ್ರ ಲೇಖನಿ ಏಳಲಿಲ್ಲ.

ಬ್ಯಾಂಕಿನವರ ವಾದವನ್ನೂ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವರು ಹೇಳುತ್ತಾರೆ: ಒತ್ತೆಯಿಲ್ಲ, ಜಾಮೀನಿಲ್ಲ, ಕೆಲವರು ಕಟ್ಟುವುದೇ ಇಲ್ಲ, ಪ್ರಾಮಾಣಿಕವಾಗಿ ಕಟ್ಟುವವರಿಗೆ ನಾವು ಒಂದೂವರೆ ತಿಂಗಳವರೆಗೆ ಬಡ್ಡಿಯಿಲ್ಲದೆ ಸಾಲ ಕೊಡುತ್ತೇವೆ. ಇದರಲ್ಲಿ ಸತ್ಯಾಂಶವಿದೆ. ಮಿತಿಯನ್ನು ಬಹಳ ಕೆಳಗಿಟ್ಟರೆ ಬಡವರಿಗೆ ಕಾರ್ಡೇ ಸಿಗದೆ ಅವರು ಮೀಟರ್ ಬಡ್ಡಿಯವನ ಬಳಿಗೆ ಹೋದಾರು ಎಂಬ ಆತಂಕವೂ ಸುಳ್ಳಲ್ಲ. ಆದರೆ ಇದೇ ಒತ್ತೆಯಿಲ್ಲದ ಸಾಲವನ್ನು ವೈಯಕ್ತಿಕ ಸಾಲವೆಂಬ ಹೆಸರಿನಲ್ಲಿ ಅದೇ ಬ್ಯಾಂಕು ಅದೇ ಶಿಕ್ಷಕರಿಗೆ ಇದರ ಅರ್ಧಕ್ಕಿಂತ ಕಡಿಮೆ ದರದಲ್ಲಿ ಕೊಡಲು ಫೋನು ಮಾಡುತ್ತಿತ್ತಲ್ಲ? ಅಪಾಯ ಅದೇ ಮನುಷ್ಯನದಲ್ಲವೇ?

ಇಲ್ಲಿ ಸಭೆಯ ಕೆಲವರಿಗೆ ಇಷ್ಟವಾಗದ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ನಡುವಿನ ಅನೇಕ ಸುಶಿಕ್ಷಿತರು ಹೇಳುತ್ತಾರೆ: 'ನಾವು ಕಾರ್ಡು ಬಳಸುತ್ತೇವೆ, ಆದರೆ ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇವೆ, ಒಂದು ಪೈಸೆ ಬಡ್ಡಿ ಕೊಟ್ಟಿಲ್ಲ. ಬದಲಾಗಿ ಪಾಯಿಂಟುಗಳು ಸಿಗುತ್ತವೆ, ವಿಮಾನ ನಿಲ್ದಾಣದಲ್ಲಿ ಉಚಿತ ಊಟ ಸಿಗುತ್ತದೆ.' ಇಂತಹ ಬಳಕೆ ಸಮ್ಮತವೇ ಎಂಬುದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಪೂರ್ತಿ ಕಟ್ಟುವುದಾದರೆ ಅಡ್ಡಿಯಿಲ್ಲ ಎನ್ನುವವರಿದ್ದಾರೆ, ಬಡ್ಡಿಯ ಷರತ್ತಿಗೆ ಸಹಿ ಹಾಕುವುದೇ ತಪ್ಪು ಎನ್ನುವವರೂ ಇದ್ದಾರೆ. ಫತ್ವಾ ಕೊಡಲು ನಾವು ಇಲ್ಲಿ ನಿಂತಿಲ್ಲ. ನಾವು ಕೇಳುವುದು ಇಷ್ಟೇ: ಆ ಉಚಿತ ಊಟದ ಹಣ ಎಲ್ಲಿಂದ ಬಂತು? ಒಂದು ಭಾಗ ಅಂಗಡಿಯವರಿಂದ ಕಡಿಯುವ ಶುಲ್ಕದಿಂದ ಬಂತು, ನಿಜ. ಇನ್ನೊಂದು ಭಾಗ ತಿಂಗಳಿಗೆ 2,500 ಕಟ್ಟುತ್ತಾ ಕುಳಿತ ಆ ಶಿಕ್ಷಕರಂತಹವರಿಂದ ಬಂತು.

ಅಂಕಿಯೊಂದನ್ನು ಬರೆಯುವುದು ಅಸಾಧ್ಯವೇನಲ್ಲ. ಮಲೇಶ್ಯದಲ್ಲಿ ಕಾರ್ಡಿನ ಬಡ್ಡಿಗೆ ಕೇಂದ್ರ ಬ್ಯಾಂಕು ಹಾಕಿದ ಗರಿಷ್ಠ ಮಿತಿ ಶೇಕಡಾ 18, ಸರಿಯಾಗಿ ಕಟ್ಟುತ್ತಾ ಬಂದವನಿಗೆ 15. ಇಂಡೋನೇಶ್ಯವು 2021ರಲ್ಲಿ ತಿಂಗಳಿಗೆ 1.75 ಎಂದು ಕಟ್ಟಳೆ ಮಾಡಿತು. ಫಿಲಿಪ್ಪೀನ್ಸ್ 2020ರಲ್ಲಿ ತಿಂಗಳಿಗೆ 2ರ ಮಿತಿ ಹಾಕಿತು, 2023ರಲ್ಲಿ ಅದನ್ನು 3ಕ್ಕೆ ಏರಿಸಿತು. ಬ್ರೆಝಿಲ್ 2023ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಕಾರ್ಡಿನ ಬಾಕಿಯ ಮೇಲಿನ ಬಡ್ಡಿ, ಶುಲ್ಕಗಳೆಲ್ಲ ಸೇರಿ ಮೂಲ ಸಾಲವನ್ನು ಮೀರಬಾರದು ಎಂದಿತು. ಇದು ನಮಗೆ ಹೊಸತೇ? ನಮ್ಮದೇ ನೆಲದಲ್ಲಿ, ಹಿಂದೂ ಧರ್ಮಶಾಸ್ತ್ರದಲ್ಲಿ 'ದಾಮ್‌ದುಪಟ್' ಎಂಬ ನಿಯಮವಿತ್ತು. ಒಂದೇ ಬಾರಿಗೆ ವಸೂಲು ಮಾಡುವ ಬಡ್ಡಿಯ ಬಾಕಿ ಅಸಲನ್ನು ಮೀರುವಂತಿಲ್ಲ. ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಅದನ್ನು ಜಾರಿಗೊಳಿಸುತ್ತಿದ್ದವು. ಇಂದಿನ ಧಾರವಾಡ, ಬೆಳಗಾವಿ, ವಿಜಯಪುರಗಳು ಅಂದು ಆ ಪ್ರಾಂತ್ಯದಲ್ಲಿದ್ದವು. ಆದುದರಿಂದ ಇದು ಮುಸ್ಲಿಮರ ಬೇಡಿಕೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಬಡ್ಡಿಯನ್ನು ಪೂರ್ಣವಾಗಿ ನಿಷೇಧಿಸಿದ ಧರ್ಮವೂ, ಮಿತಿಯೊಳಗೆ ಒಪ್ಪಿದ ಸಂಪ್ರದಾಯವೂ ಸಾಲಗಾರನನ್ನು ಹಿಂಡಬಾರದೆಂಬ ಒಂದು ಬಿಂದುವಿನಲ್ಲಿ ಸಂಧಿಸುತ್ತವೆ.

ಮತ್ತೆ ಆ ಶಿಕ್ಷಕರ ಕಡೆಗೆ ಬರೋಣ. ಮೂರು ವರ್ಷ ಅವರು ಯಾರಿಗೂ ಏಕೆ ಹೇಳಲಿಲ್ಲ? ಹೆಂಡತಿಗೂ ಹೇಳಿರಲಿಲ್ಲ. ಕಾರಣವನ್ನು ಅವರೇ ಹೇಳಿದರು: ನಾಚಿಕೆ. ಪ್ರತಿ ವರ್ಷ ಮಿಂಬರಿನಿಂದ ಬಡ್ಡಿಯ ಬಗ್ಗೆ ಖುತ್ಬಾ ಕೇಳುತ್ತಾ ತಲೆತಗ್ಗಿಸಿ ಕುಳಿತಿರುತ್ತಿದ್ದರಂತೆ. ಒಂದು ತಿಂಗಳು ಕನಿಷ್ಠ ಮೊತ್ತವೂ ತಪ್ಪಿದಾಗ ವಸೂಲಿಯವನ ಫೋನು ಬಂತು. 'ನಿಮ್ಮ ಹೆಡ್‌ಮಾಸ್ಟರಿಗೆ ಹೇಳಲೇ? ನಿಮ್ಮ ಮಸೀದಿಯವರಿಗೆ ಹೇಳಲೇ?' ಎಂದನಂತೆ ಅವನು. ಅವನಿಗೆ ನಮ್ಮ ಸಮುದಾಯದ ಮನಸ್ಸು ಚೆನ್ನಾಗಿ ಗೊತ್ತಿತ್ತು!

ಬಡ್ಡಿ ಕೊಡುವವನ ಮೇಲೂ, ಬರೆಯುವವನ ಮೇಲೂ, ಸಾಕ್ಷಿಗಳ ಮೇಲೂ ಶಾಪವಿದೆಯೆಂಬ ಹದೀಸನ್ನು ನಾವೂ ಓದಿದ್ದೇವೆ. ಅದನ್ನು ಮರೆಮಾಚುವುದಿಲ್ಲ. ಆದರೆ ಕುರ್‌ಆನಿನ ಅಲ್‌ಬಕರಃ ಅಧ್ಯಾಯದಲ್ಲಿ ಯುದ್ಧದ ಎಚ್ಚರಿಕೆ ಯಾರಿಗಿದೆ ಎಂಬುದನ್ನು ಗಮನಿಸಿ. ಬರಬೇಕಾದ ಬಡ್ಡಿಯನ್ನು ಬಿಡಲೊಪ್ಪದವರಿಗೆ. ಅದರ ಮರುವಚನದಲ್ಲೇ, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಿರಿ, ಬಿಟ್ಟುಬಿಡುವುದು ಇನ್ನೂ ಉತ್ತಮ ಎಂಬ ಆಶಯವಿದೆ. ತಾಯಿಯನ್ನು ಉಳಿಸಲು ಕಾರ್ಡು ಕೊಟ್ಟವನನ್ನೂ, ಆ ಕಾರ್ಡಿನಿಂದ ಲಾಭ ತೆಗೆದವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಾತಾಡುವ ಖುತ್ಬಾಗಳು ಯಾರಿಗೆ ನೆರವಾಗುತ್ತಿವೆ? ವಸೂಲಿಯವನಿಗೆ.

ಇನ್ನೊಂದು ಸಂಗತಿಯನ್ನೂ ನೆನಪಿಸಿಕೊಳ್ಳಬೇಕು. ಪ್ರವಾದಿಯವರು(ಸ) ವಿದಾಯ ಹಜ್ಜ್‌ನ ಭಾಷಣದಲ್ಲಿ ಅಜ್ಞಾನ ಕಾಲದ ಬಡ್ಡಿಯನ್ನೆಲ್ಲ ರದ್ದುಗೊಳಿಸಿದಾಗ ಮೊದಲು ರದ್ದು ಮಾಡಿದ್ದು ಯಾರದನ್ನು? ತಮ್ಮ ಸ್ವಂತ ಚಿಕ್ಕಪ್ಪ ಅಬ್ಬಾಸ್‌ರವರದನ್ನು(ರ). ಸುಧಾರಣೆಯನ್ನು ಅವರು ಸ್ವಂತ ಮನೆಯಿಂದ ಆರಂಭಿಸಿದರು.

ನಮ್ಮ ಮನೆಯ ಕಥೆ ಏನು? ಇಲ್ಲಿಂದ ಶಿವಾಜಿನಗರ ದೂರವೇನಲ್ಲ. ಲೇಡಿ ಕರ್ಜನ್ ರಸ್ತೆಯಲ್ಲಿ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಎಂಬ ಸಂಸ್ಥೆಯ ಕಚೇರಿಯಿತ್ತು. ಈ ಸಭೆಯಲ್ಲೇ ಅದರಲ್ಲಿ ಹಣ ಕಳೆದುಕೊಂಡವರಿರಬಹುದು. ಬ್ಯಾಂಕಿನ ಬಡ್ಡಿ ಹರಾಮ್, ಇದು ಹಲಾಲ್ ಲಾಭಾಂಶ ಎಂದು ನಂಬಿ ಜನ ಮಗಳ ಮದುವೆಯ ಹಣವನ್ನು, ನಿವೃತ್ತಿಯ ಹಣವನ್ನು, ಗಲ್ಫ್‌ನ ಬೆವರಿನ ಹಣವನ್ನು ತಂದು ಸುರಿದರು. ತಿಂಗಳಿಗೆ ಶೇಕಡಾ 3ರವರೆಗೆ ಲಾಭದ ಆಸೆ ತೋರಿಸಲಾಗಿತ್ತು. ಕಾರ್ಡಿನ ಬಡ್ಡಿ ಮೂರೂವರೆ ಎಂದರೆ ನಮಗೆ ಸಿಟ್ಟು ಬರುತ್ತದೆ. ಮೂರು ಬರುತ್ತದೆ ಎಂದಾಗ, ಯಾವ ವ್ಯಾಪಾರದಿಂದ ತಿಂಗಳು ತಿಂಗಳೂ ಇಷ್ಟು ಹುಟ್ಟುತ್ತದೆ ಎಂದು ಕೇಳಿದವರು ಎಷ್ಟು ಮಂದಿ? 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ಮನ್ಸೂರ್ ಖಾನ್ ದೇಶ ಬಿಟ್ಟ ಸುದ್ದಿ ಬಂದಾಗ ಆ ರಸ್ತೆಯಲ್ಲಿ ಬುರ್ಖಾ ತೊಟ್ಟ ತಾಯಂದಿರು ಕಾಗದ ಹಿಡಿದು ಅಳುತ್ತಾ ಸಾಲುಗಟ್ಟಿ ನಿಂತಿದ್ದರು. ಜುಲೈಯಲ್ಲಿ ಆತನ ಬಂಧನವಾಯಿತು, ಆಗಸ್ಟ್‌ನಲ್ಲಿ ತನಿಖೆ ಸಿಬಿಐಗೆ ಹೋಯಿತು. ದೂರುಗಳು 40 ಸಾವಿರ ದಾಟಿದವು. ಪೂರ್ತಿ ಹಣ ಸಿಗದವರು ಇಂದಿಗೂ ಅನೇಕ.

ಅಲ್ಲಿ ನಿಯಂತ್ರಣ ಹೇಗೆ ತಪ್ಪಿತು ಎಂಬುದನ್ನು ತಿಳಿಯಬೇಕು. ಹಣ ಕೊಟ್ಟವರನ್ನು ಠೇವಣಿದಾರರೆಂದು ಬರೆಯದೆ ಎಲ್‌ಎಲ್‌ಪಿ ಎಂಬ ಸೀಮಿತ ಹೊಣೆಯ ಪಾಲುದಾರಿಕೆಯ ಪಾಲುದಾರರೆಂದು ಬರೆಯಲಾಗಿತ್ತು. ಹಾಗಾಗಿ ಠೇವಣಿದಾರರ ರಕ್ಷಣೆಗೆಂದೇ ನಮ್ಮ ರಾಜ್ಯದಲ್ಲಿ 2004ರಿಂದ ಇದ್ದ ಕಾಯ್ದೆ ಇದಕ್ಕೆ ಅನ್ವಯಿಸದೆಂಬ ನೆಪ ಸಿಕ್ಕಿತು. ರಿಸರ್ವ್ ಬ್ಯಾಂಕಿನಿಂದ ರಾಜ್ಯಕ್ಕೆ ಎಚ್ಚರಿಕೆಯ ಪತ್ರಗಳು ಹೋಗಿದ್ದವು, ಕಡತದಲ್ಲಿ ಮಲಗಿದವು. ಕೆಲವು ಮಿಂಬರುಗಳಿಂದ ಪ್ರಶಂಸೆಯೂ ದೊರೆತಿತ್ತು. ಮದ್ರಸದಲ್ಲಿ ಮುಶಾರಕಃ, ಮುಝಾರಬಃ ಎಂಬ ಪಾಲುದಾರಿಕೆಯ ಅಧ್ಯಾಯಗಳನ್ನು ಓದಿದ ನಮ್ಮಂತಹವರಿಗೆ ಗೊತ್ತಿರಬೇಕಿತ್ತು: ನಷ್ಟದಲ್ಲಿ ಪಾಲಿಲ್ಲದೆ ಲಾಭ ಮಾತ್ರ ಖಾತ್ರಿಯಾಗಿದ್ದರೆ ಅದು ಪಾಲುದಾರಿಕೆಯಲ್ಲ. ನಾವೂ ಆಗ ಗಟ್ಟಿಯಾಗಿ ಹೇಳಲಿಲ್ಲ. ಪತ್ರಿಕೆಯಲ್ಲಿದ್ದೂ ಬರೆಯಲಿಲ್ಲ. ಅದನ್ನು ಒಪ್ಪಿಕೊಳ್ಳದೆ ಬ್ಯಾಂಕುಗಳ ವಿರುದ್ಧ ಮಾತಾಡುವ ಅರ್ಹತೆ ನಮಗಿಲ್ಲ.

ಬ್ಯಾಂಕೆಂಬ ಫಲಕ ನೋಡಿ ನ್ಯಾಯಾಲಯವು ಬಡ್ಡಿಯನ್ನು ಪ್ರಶ್ನಿಸಲಾರದಾಯಿತು. ಹಲಾಲ್ ಎಂಬ ಫಲಕ ನೋಡಿ ನಾವು ಲಾಭವನ್ನು ಪ್ರಶ್ನಿಸಲಿಲ್ಲ. ಎರಡು ಕಡೆಯೂ ಪೆಟ್ಟು ತಿಂದದ್ದು ಅದೇ ಶಿಕ್ಷಕ, ಅದೇ ವಿಧವೆ, ಅದೇ ಆಟೋ ಚಾಲಕ.

ಆದುದರಿಂದ ನಾವು ಕೇಳಬೇಕಾದುದು ಸ್ಪಷ್ಟವಾಗಿರಲಿ. ಕಾರ್ಡಿನ ಬಡ್ಡಿಗೆ ರಿಸರ್ವ್ ಬ್ಯಾಂಕು ಒಂದು ಅಂಕಿಯನ್ನು ಬರೆಯಬೇಕು. ಬಡ್ಡಿ, ಶುಲ್ಕಗಳೆಲ್ಲ ಸೇರಿ ಅಸಲನ್ನು ಮೀರದಂತೆ ಕಟ್ಟಳೆ ಬೇಕು. 21ಎ ಕಲಮನ್ನು ಸಂಸತ್ತು ಕನಿಷ್ಠ ಸಣ್ಣ ಸಾಲಗಳ ಮಟ್ಟಿಗಾದರೂ ಸಡಿಲಿಸಬೇಕು. ಬಿಲ್ಲೂ ಷರತ್ತುಗಳೂ ಕನ್ನಡದಲ್ಲಿ ದೊರೆಯಬೇಕು. ಚುನಾವಣೆ ಬಂದಾಗ ಖಬರಸ್ತಾನದ ಗೋಡೆ ಕಟ್ಟಿಸಿಕೊಡಿ ಎಂದು ಕೇಳುವ ನಾವು, ನಮ್ಮ ಸಂಸದರ ಬಳಿ ಇದನ್ನು ಒಮ್ಮೆಯಾದರೂ ಕೇಳಿದ್ದೇವೆಯೇ? ಹಾಗೆಯೇ ನಮ್ಮ ಮೊಹಲ್ಲಾಗಳಲ್ಲಿ ಕರ್ಝೆ ಹಸನ್ ನಿಧಿಗಳು, ಬಡ್ಡಿರಹಿತ ಸಾಲದ ಸಂಘಗಳು ಇರುವಲ್ಲಿ ಅವುಗಳ ಲೆಕ್ಕವನ್ನು ಹೊರಗಿನ ಲೆಕ್ಕಪರಿಶೋಧಕರಿಂದ ಪರಿಶೀಲಿಸಿ ಮಸೀದಿಯ ಗೋಡೆಗೆ ಅಂಟಿಸುವ ಪರಿಪಾಠ ಬರಲಿ. ನಿಧಿಯ ಹಿರಿಯರು ಎಷ್ಟೇ ಸಜ್ಜನರಾಗಿದ್ದರೂ ಸರಿಯೇ.

ಅಲ್ಲಿಯವರೆಗೆ ಇರುವ ಹಕ್ಕನ್ನು ಬಳಸಿಕೊಳ್ಳೋಣ. ವಸೂಲಿಯವರು ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಫೋನು ಮಾಡುವಂತಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಆದೇಶಿಸಿದೆ. ನೆಂಟರಿಗೆ, ಸ್ನೇಹಿತರಿಗೆ ಹೇಳಿ ಮಾನ ತೆಗೆಯುವಂತಿಲ್ಲ. ಗೂಂಡಾಗಳಿಂದ ವಸೂಲಿ ಮಾಡಿಸುವುದನ್ನು ಸುಪ್ರೀಮ್ ಕೋರ್ಟು 2007ರಲ್ಲೇ ಖಂಡಿಸಿದೆ. ಪಾವತಿಯ ದಿನ ಕಳೆದು ಮೂರು ದಿನಗಳವರೆಗೆ ವಿಳಂಬ ಶುಲ್ಕ ಹಾಕುವಂತಿಲ್ಲ. ದೂರನ್ನು ಮೊದಲು ಬ್ಯಾಂಕಿಗೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ತೃಪ್ತಿ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 14448 ಎಂಬ ಸಂಖ್ಯೆಗೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಆ ಶಿಕ್ಷಕರ ಬಾಕಿಯನ್ನು ಕೊನೆಗೆ ತೀರಿಸಿದ್ದು ಅವರ ಭಾವಮೈದುನ ಮತ್ತು ಇಬ್ಬರು ಸಹೋದ್ಯೋಗಿಗಳು. ಅವರಲ್ಲಿ ಒಬ್ಬರು ಮುಸ್ಲಿಮರಲ್ಲ. ಮೂವರೂ ಸೇರಿ ಬಡ್ಡಿಯಿಲ್ಲದೆ ಕೊಟ್ಟರು, ಅವರು ತಿಂಗಳಿಗೆ ಅದೇ 2,500ರಂತೆ ಮರಳಿಸಿದರು. ಹದಿನಾಲ್ಕು ತಿಂಗಳಲ್ಲಿ ತೀರಿತು. 'ಮೊದಲ ತಿಂಗಳೇ ಹೇಳಬಾರದಿತ್ತೇ ಭಾವ?' ಎಂದು ಭಾವಮೈದುನ ಕೇಳಿದಾಗ ಅವರಿಗೆ ಉತ್ತರ ಹೊಳೆಯಲಿಲ್ಲವಂತೆ.

ಈ ಸಭಾಂಗಣದ ಹಿಂಭಾಗದಲ್ಲಿ, ಮಹಿಳೆಯರ ಕಡೆ ಒಂದು, ಪುರುಷರ ಕಡೆ ಒಂದು ಮೇಜು ಹಾಕಿಸಿದ್ದೇವೆ. ಅಲ್ಲಿ ಲೆಕ್ಕ ಬಲ್ಲ ತರುಣರು, ತರುಣಿಯರು ಕುಳಿತಿದ್ದಾರೆ. ಬಿಲ್ಲು ಫೋನಿನಲ್ಲಿದ್ದರೂ ಸಾಕು, ತೋರಿಸಿ. ಹೆಸರು ಬರೆದುಕೊಳ್ಳುವುದಿಲ್ಲ. ಇಶಾ ನಮಾಝಿನವರೆಗೆ ಅವರು ಅಲ್ಲೇ ಇರುತ್ತಾರೆ.